ಇಂಥವರ ಹೆಂಡತಿ ಎಂದು ಬರೆಯಬೇಡಿ

ಮದುವೆಯಾಗಿ ಒಂದೂವರೆ ವರ್ಷ ಕಳೆದಿದ್ದರೂ ನನ್ನ ಅತ್ತೆಯ ಹೆಸರು ನನಗೆ ಗೊತ್ತಿರಲಿಲ್ಲ. ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಮಾವ ಅವರನ್ನು ಕರೆಯುತ್ತಿದ್ದುದು 'ಇವಳೇ' ಎಂದು. ಮಕ್ಕಳಿಗೆ ಅವರು ಅವ್ವ, ಓರಗಿತ್ತಿಯರಿಗೆ ಅಕ್ಕ, ಊರಿಗೆಲ್ಲ ಮೇಗಲಮನೆ ಅಮ್ಮ. ನಾನು ಅತ್ತೆಮ್ಮ ಎನ್ನುತ್ತಿದ್ದೆ. ಬೇರೊಂದು ಹೆಸರು ಬೇಕಾಗುವ ಪ್ರಸಂಗವೇ ಬಂದಿರಲಿಲ್ಲ.

ಕೊಡಗು ಆಗ ಪ್ರತ್ಯೇಕ ರಾಜ್ಯ, ಮಡಿಕೇರಿಯೇ ನಮ್ಮ ರಾಜಧಾನಿ. ಸೋಮವಾರಪೇಟೆಯ ಗುಡ್ಡಗಳು ಇಳಿದಿಳಿದು ಶಿರಂಗಾಲದ ಬಯಲಿಗೆ ಸೇರುವ ಕಡೆ ನಮ್ಮೂರು. ಮೇಲೆ ಕಾಫಿ ಎಸ್ಟೇಟು, ಕೆಳಗೆ ಗದ್ದೆ. ಗದ್ದೆಯವರಲ್ಲಿ ಅರ್ಧ ಜನ ನಮ್ಮ ಹಾಗೆ ಹೊಳೆಯಾಚೆಯ ಹಾಸನದ ಸೀಮೆಯಿಂದ, ಮೈಸೂರು ಕಡೆಯಿಂದ ಬಂದು ನೆಲೆಸಿದವರು. ಇನ್ನರ್ಧ ಹಿಂದಿನಿಂದ ಇದ್ದ ಶೈವರ ಮನೆಗಳು. ನಮ್ಮ ಮಾವನ ತಾತನೇ ಇಲ್ಲಿಗೆ ಬಂದದ್ದಾದರೂ ಅವರ ಬಾಯಲ್ಲಿ ನಾವು ಇನ್ನೂ 'ಆಚೆಯಿಂದ ಬಂದೋರು'. ಎಸ್ಟೇಟಿನ ಲೈನುಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ತಮಿಳು, ಮಲಯಾಳ, ತುಳು ಮಾತಾಡುವ ಕೂಲಿ ಸಂಸಾರಗಳಿದ್ದವು. ಅವರನ್ನು ನಾವು 'ಲೈನಿನೋರು' ಎನ್ನುತ್ತಿದ್ದೆವು. ಹೀಗೆ ಒಬ್ಬರ ಕೆಳಗೆ ಒಬ್ಬರು ಹೊರಗಿನವರಾಗಿ ಬದುಕುತ್ತಿದ್ದ ಊರು ಅದು.

ಇಷ್ಟರ ನಡುವೆಯೂ ಹೆಂಗಸರನ್ನು ಒಂದು ಕಡೆ ಸೇರಿಸುತ್ತಿದ್ದುದು ಮುಯ್ಯಿ. ನಾಟಿಯ ಕಾಲದಲ್ಲಿ ಕೂಲಿಯಾಳಿಗೆ ಕಾಯುತ್ತಿರಲಿಲ್ಲ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಯಾರ ಸಸಿ ಮೊದಲು ಬಲಿಯಿತೋ ಅವರ ಗದ್ದೆಗೆ ಮೊದಲು ಇಳಿಯಬೇಕು, ಮನೆತನ ನೋಡುವಂತಿಲ್ಲ. ಗಂಡ ಸತ್ತವಳು ತಿರುಗಿ ಆಳು ಕಳಿಸಲಾರಳೆಂದರೂ ಅವಳ ಗದ್ದೆಯನ್ನು ಬಿಡುವಂತಿಲ್ಲ. ಕಾಫಿಯ ಪಿಕಿಂಗ್ ಇಲ್ಲದ ಮಳೆಗಾಲದಲ್ಲಿ ಲೈನಿನ ಕೆಲವು ಹೆಂಗಸರೂ ನಮ್ಮ ಜೊತೆ ಸೇರುತ್ತಿದ್ದರು, ಆ ವರ್ಷ ನಾಲ್ವರು. ಅವರಿಗೆ ಗದ್ದೆಯಿಲ್ಲ, ಆದ್ದರಿಂದ ಸುಗ್ಗಿಯಲ್ಲಿ ಭತ್ತ. ಊಟಕ್ಕೆ ಶೈವರ ಮನೆಯವರು ತಮ್ಮ ಬುತ್ತಿಯನ್ನೇ ಬಿಚ್ಚುತ್ತಿದ್ದರು, ಬೇರೆಯವರ ಅಡುಗೆ ಮುಟ್ಟುತ್ತಿರಲಿಲ್ಲ. ಆದರೆ ಕೂರುತ್ತಿದ್ದುದು ಎಲ್ಲರೂ ಒಂದೇ ಬದುವಿನ ಮೇಲೆ. ಅದಕ್ಕೂ ಹಿಂದೆ ಜಗಳವಾಗಿತ್ತಂತೆ. ಒಂದೇ ಕೆಸರು ತುಳಿದವರಿಗೆ ಒಂದೇ ಬದು ಎಂದು ಹೇಳಿ ಅದನ್ನು ಮುಗಿಸಿದವರು ನನ್ನ ಅತ್ತೆ. ನಾಟಿಗೆ ಅವರೇ ಮುಂದಾಳು.

ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚುನಾವಣೆಗೆ ಓಟಿನ ಪಟ್ಟಿ ಮಾಡುವ ಕೆಲಸ ನಡೆದಿತ್ತು. ಒಂದು ದಿನ ಶಾನುಭೋಗರು ನಮ್ಮ ಜಗಲಿಗೆ ಬಂದು ಕುಳಿತರು. ಮಾವ ಹೇಳಿದರು, ಅವರು ಬರೆದುಕೊಂಡರು. ಗಂಡಸರ ಹೆಸರು, ಅವರ ಅಪ್ಪಂದಿರ ಹೆಸರು, ವಯಸ್ಸು. ಹೆಂಗಸರ ಸರದಿ ಬಂದಾಗ ಮಾವ ಹೇಳಿದ್ದು 'ನನ್ನ ಹೆಂಡ್ತಿ ಒಬ್ಳು, ಮಗನ ಹೆಂಡ್ತಿ ಒಬ್ಳು' ಎಂದು. ಶಾನುಭೋಗರು ಅದನ್ನೇ ಬರೆದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ತವರಿನಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೆ, ನನ್ನ ಪುಸ್ತಕಗಳ ಮೇಲೆಲ್ಲ ನನ್ನ ಹೆಸರನ್ನು ಗುಂಡಗೆ ಬರೆದುಕೊಂಡಿದ್ದೆ. ಆದರೂ ಬಾಯಿ ತೆರೆಯಲಿಲ್ಲ. ಆ ದಿನದ ನನ್ನ ಮೌನವನ್ನು ಮರೆಮಾಚಿ, ಮುಂದಿನದೆಲ್ಲ ನನ್ನಿಂದಲೇ ಆಯಿತು ಎಂದು ಹೇಳಿಕೊಳ್ಳಲಾರೆ.

ಕೆಲವು ವಾರಗಳ ಮೇಲೆ ಊರಿನ ಶಾಲೆಯ ಮೇಷ್ಟರು ನನ್ನ ಗಂಡನಿಗೆ ಒಂದು ಸುದ್ದಿ ಹೇಳಿದರು. ಸ್ವಂತ ಹೆಸರಿಲ್ಲದೆ 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದು ಬರೆದದ್ದನ್ನೆಲ್ಲ ಮೇಲಿನವರು ಹೊಡೆದುಹಾಕುತ್ತಾರಂತೆ, ಅಂಥವರಿಗೆ ಓಟಿಲ್ಲವಂತೆ. ಗಂಡ ಊಟ ಮಾಡುತ್ತ ಅದನ್ನು ಹಗುರಾಗಿ ಹೇಳಿದರು. ಮರುದಿನ ನಾಟಿ ಗದ್ದೆಯಲ್ಲಿ ನಾನು ಬಗ್ಗಿದಲ್ಲಿಂದಲೇ ಅದನ್ನು ಹೇಳಿದೆ.

ಮೊದಲು ಎಲ್ಲರೂ ನಕ್ಕರು. ಓಟು ಯಾರಿಗೆ ಬೇಕು ಎಂದರು ಕೆಲವರು. ಹೆಸರು ಕಾಗದಕ್ಕೆ ಹತ್ತಿದರೆ ಕೋರ್ಟು ಕಚೇರಿ ಹತ್ತಿದ ಹಾಗೆ ಎಂದಳು ಒಬ್ಬಳು. ಇನ್ನೊಬ್ಬಳು, ತನ್ನ ಹೆಸರು ತನಗೇ ಮರೆತಿದೆ, ತವರಿಗೆ ಹೋದಾಗ ಅಣ್ಣನನ್ನು ಕೇಳಿಕೊಂಡು ಬರುತ್ತೇನೆ ಎಂದಾಗ ನಗು ಇನ್ನೂ ಜೋರಾಯಿತು. ಆ ನಗು ನಿಲ್ಲುವುದನ್ನೇ ಕಾದಿದ್ದ ಹಾಗೆ ಲೈನಿನ ಹೆಂಗಸೊಬ್ಬಳು ಸೊಂಟ ನೆಟ್ಟಗೆ ಮಾಡಿ ನಿಂತಳು. ನಾಲ್ವರಲ್ಲಿ ಹಿರಿಯಳು, ತಮಿಳು ಮನೆಮಾತಿನವಳು, ಬಹಳ ಹಿಂದೆಯೇ ಗಂಡನನ್ನು ಕಳೆದುಕೊಂಡವಳು, ಮಕ್ಕಳಿಲ್ಲದವಳು.

"ನನಗೆ ಗಂಡ ಇಲ್ಲೆ, ಮಗ ಇಲ್ಲೆ. ನನ್ನ ಯಾರ ಹೆಂಡ್ತಿ ಅಂತ ಬರೀತಾರೆ ಅಕ್ಕಾ?" ಎಂದು ಅತ್ತೆಯನ್ನು ಕೇಳಿದಳು.

ವಿಚಾರಿಸಿದರೆ ಶಾನುಭೋಗರು ಲೈನುಗಳ ಕಡೆ ಕಾಲೇ ಹಾಕಿರಲಿಲ್ಲ. ಅಲ್ಲಿಯವರು ಇವತ್ತು ಬಂದು ನಾಳೆ ಹೋಗುವವರೆಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಹೇಳಿ ಕಳಿಸಿದ್ದನಂತೆ. ಕೆಲವು ಮೇಸ್ತ್ರಿಗಳ ಹೆಸರು ಬರೆದು ಶಾನುಭೋಗರು ಕೈತೊಳೆದುಕೊಂಡಿದ್ದರು. ಈ ಹೆಂಗಸು ಹುಟ್ಟಿದ್ದೇ ಆ ಲೈನಿನಲ್ಲಿ.

ಅತ್ತೆ ಕೈಯಲ್ಲಿದ್ದ ಸಸಿಯನ್ನೆಲ್ಲ ನೆಟ್ಟು ಮುಗಿಸಿದರು. ಆಮೇಲೆ ಎದ್ದು ಮಳೆಗೆ ಹೊದ್ದಿದ್ದ ಕಂಬಳಿಕೊಪ್ಪೆಯನ್ನು ಹಿಂದಕ್ಕೆ ಸರಿಸಿ, ನನ್ನ ಕಡೆ ತಿರುಗಿ, ತಮ್ಮ ಹೆಸರನ್ನು ಹೇಳಿದರು. ಜೊತೆಗೆ ತಮ್ಮ ಅಪ್ಪನ ಹೆಸರು, ಹುಟ್ಟಿದ ಊರು.

"ಬರ್ಕೊ ಮಗ. ನಿಂಗೆ ಅಕ್ಷರ ಬತ್ತದೆ. ಇವ್ಳದ್ದೂ ಬರ್ಕೊ. ಇಲ್ಲಿ ನಿಂತಿರೋರ್ದೆಲ್ಲ ಬರ್ಕೊ" ಎಂದರು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬೇಕಾದ ಕಡೆ ಅವರೇ ಹೇಳಿದ್ದಾರೆ, ಬರೆಸಿದ್ದಾರೆ. ನನ್ನ ಬರಹಕ್ಕೆ ಅಲಂಕಾರವಾಗಲಿ ಎಂದು ಅವರು ಅದನ್ನು ಹೇಳಿರಲಿಲ್ಲ. ಕೇಳಿದಾಗ ನನಗೆ ಅನ್ನಿಸಿದ್ದನ್ನು ಮಾತ್ರ ಹೇಳಬಲ್ಲೆ. ಇಷ್ಟು ದಿನ ಒಂದೇ ಒಲೆಯ ಮುಂದೆ ಕೂತಿದ್ದ ಅತ್ತೆಯೊಳಗೆ ಒಬ್ಬ ಹುಡುಗಿಯೂ ಇದ್ದಳು ಎಂದು ನನಗೆ ಅಂದೇ ತಿಳಿದದ್ದು.

ಮಧ್ಯಾಹ್ನ ಮನೆಗೆ ಓಡಿ ಟ್ರಂಕಿನಿಂದ ಹಳೆಯ ನೋಟುಬುಕ್ಕು ತಂದೆ. ಬದುವಿನ ಮೇಲೆ ಕೂತು, ನೆನೆಯದ ಹಾಗೆ ಕೊಪ್ಪೆಯೊಳಗಿಟ್ಟುಕೊಂಡು ಬರೆದೆ. ಕೆಲವರು ಕಿವಿಯಲ್ಲಿ ಹೇಳಿದರು, ಕೆಲವರು ಗದ್ದೆಗೆಲ್ಲ ಕೇಳುವಂತೆ ಹೇಳಿದರು. ಅಣ್ಣನನ್ನು ಕೇಳುತ್ತೇನೆ ಎಂದಿದ್ದವಳಿಗೆ ಹೆಸರು ತಟ್ಟನೆ ನೆನಪಾಯಿತು.

ಪಟ್ಟಿ ಹಿಡಿದು ನಾವು ಪಟೇಲರ ಮನೆಗೆ ಹೋದೆವು. ಪಟೇಲರು ಕೆಟ್ಟವರೇನಲ್ಲ. ಹಬ್ಬಕ್ಕೆ ಊರವರನ್ನೆಲ್ಲ ಕರೆಯುವವರು, ಕಷ್ಟ ಎಂದರೆ ನಿಲ್ಲುವವರು. ನೋಟುಬುಕ್ಕನ್ನು ತಿರುವಿಹಾಕಿ ನಕ್ಕರು. ಹೆಂಗಸರ ಹೆಸರು ಸರ್ಕಾರಕ್ಕೆ ಯಾತಕ್ಕೆ ಎಂದರು. ಅತ್ತೆ ಜಗ್ಗದಿದ್ದಾಗ, ಆಗಲಿ, ನಿಮ್ಮದನ್ನೆಲ್ಲ ಶಾನುಭೋಗರಿಂದ ಬರೆಸುತ್ತೇನೆ, ಕೊನೆಯ ನಾಲ್ಕನ್ನು ಬಿಡಿ, ಲೈನಿನವರ ವಿಷಯ ಎಸ್ಟೇಟಿಗೆ ಸೇರಿದ್ದು, ನಮಗೇಕೆ ಉಸಾಬರಿ ಎಂದರು.

ಈ ಮಾತು ನಮ್ಮನ್ನು ಸೀಳಿಬಿಡುವುದರಲ್ಲಿತ್ತು. ಅಂದು ಸಂಜೆ ಮನೆಮನೆಯಲ್ಲೂ ಅದೇ ಚರ್ಚೆ. ನಮ್ಮದು ಆಯಿತಲ್ಲ, ಇನ್ನೇನು ಎಂದರು ಗಂಡಸರು. ನಮ್ಮಲ್ಲೂ ಹಲವರು ಹಾಗೆಯೇ ಅಂದರು. ಶೈವರ ಮನೆಯ ಹಿರಿಯ ಹೆಂಗಸೊಬ್ಬರು, ಆಚೆಯಿಂದ ಬಂದ ನಿಮ್ಮ ಹೆಸರೇ ಬಂದದ್ದು ದೊಡ್ಡದು, ಇನ್ನು ಲೈನಿನೋರದ್ದೂ ಬೇಕೋ ಎಂದು ಅತ್ತೆಯ ಎದುರೇ ಕೇಳಿದರು. ನಾನೂ ಒಳಗೊಳಗೇ ಅಲ್ಲಾಡಿದೆ ಎಂದು ಒಪ್ಪಿಕೊಳ್ಳುತ್ತೇನೆ. ನನ್ನ ಹೆಸರು ಪಟ್ಟಿಯಲ್ಲಿ ಬರುತ್ತದೆ ಎಂಬ ಆಸೆ ಅಷ್ಟಿತ್ತು.

ಮರುದಿನದ ಸರದಿ ಪಟೇಲರ ದೊಡ್ಡ ಗದ್ದೆಯದು. ಬೆಳಿಗ್ಗೆ ಎಲ್ಲರೂ ಅರಳಿಕಟ್ಟೆಯ ಹತ್ತಿರ ಸೇರಿದಾಗ ಅತ್ತೆ ಹೇಳಿದರು:

"ಬಗ್ಗಿ ನೆಡೋವಾಗ ಇವ್ರು ನಮ್ಮೋರು. ಹೆಸರಿಗೆ ಮಾತ್ರ ಬ್ಯಾಡ್ವಾ? ಹಂಗಂದ್ರೆ ಇದು ಮುಯ್ಯಿ ಅಲ್ಲ ಕಣ್ರವ್ವ, ಜೀತ. ನಾನು ಆ ಗದ್ದೆಗೆ ಇಳಿಯಾಕಿಲ್ಲ. ಇಳಿಯೋರು ಇಳೀರಿ, ನಂಗೆ ಬ್ಯಾಸರ ಇಲ್ಲ."

ಇಷ್ಟು ಹೇಳಿ ಕಟ್ಟೆಯ ಮೇಲೆ ಕೂತರು. ನಾನು ಅವರ ಪಕ್ಕದಲ್ಲಿ ಕೂತೆ. ಲೈನಿನ ನಾಲ್ವರು ಕೂತರು. ಸ್ವಲ್ಪ ಹೊತ್ತಿನಲ್ಲಿ, ಹಿಂದಿನ ಸಂಜೆ ವಾದ ಮಾಡಿದ್ದ ಶೈವರ ಮನೆಯ ಹಿರಿಯಾಕೆಯೇ ಬಂದು, ಗೊಣಗುತ್ತಲೇ, ತಮ್ಮ ಬುತ್ತಿ ಗಂಟನ್ನು ನಮ್ಮ ಪಕ್ಕ ಇಟ್ಟು ಕೂತರು. ಏಕೆ ಎಂದು ನಾನು ವರ್ಷಗಳ ನಂತರ ಅವರನ್ನು ಕೇಳಿದ್ದೆ. ತಾವು ಬಾಣಂತಿಯಾಗಿದ್ದಾಗ ತಮ್ಮ ಗದ್ದೆಯನ್ನು ಇವರೆಲ್ಲ ಕೇಳದೆ ನೆಟ್ಟಿದ್ದರು, ಅದು ಸರಿಯಾಗಿದ್ದರೆ ಇದೂ ಸರಿಯೇ ಇರಬೇಕು ಅನ್ನಿಸಿತು ಎಂದರು.

ಇಬ್ಬರು ಮಾತ್ರ ಗಂಡಂದಿರ ಭಯಕ್ಕೆ ಪಟೇಲರ ಗದ್ದೆಗೆ ಹೋದರು. ಮಧ್ಯಾಹ್ನಕ್ಕೆ ಮುಂಚೆಯೇ ವಾಪಸು ಬಂದರು. ಅಷ್ಟು ದೊಡ್ಡ ಗದ್ದೆಯಲ್ಲಿ ಇಬ್ಬರೇ ನಿಂತು ಹಾಡು ಎತ್ತಿದರೆ ಹಿಡಿಯುವವರು ಯಾರೂ ಇರಲಿಲ್ಲ, ನಾಚಿಕೆಯಾಯಿತು ಎಂದರು. ಅವರನ್ನು ಯಾರೂ ಬೈಯಲಿಲ್ಲ, ಜಾಗ ಬಿಟ್ಟುಕೊಟ್ಟರು.

ಮರುದಿನದಿಂದ ನಾವು ಸುಮ್ಮನೆ ಕೂರಲಿಲ್ಲ. ಪಟೇಲರ ಗದ್ದೆ ಬಿಟ್ಟು ಮುಂದಿನ ಸರದಿಯವರ ಗದ್ದೆಗೆ ಇಳಿದೆವು. ದಿನ ಕಳೆದಂತೆ ಪಟೇಲರ ಸಸಿಮಡಿಯಲ್ಲಿ ಸಸಿ ಹದ ಮೀರಿ ಬಲಿಯುತ್ತ ಬಂತು. ಅಂಥ ಸಸಿ ನೆಟ್ಟರೆ ತೆಂಡೆ ಒಡೆಯುವುದಿಲ್ಲ, ಭತ್ತ ಕಡಿಮೆಯಾಗುತ್ತದೆ ಎಂದು ಊರಿಗೆಲ್ಲ ಗೊತ್ತು. ಅವರು ಹೊರಗಿನ ಆಳುಗಳನ್ನು ಹುಡುಕಿದರು, ಆದರೆ ಆ ಹದದಲ್ಲಿ ಯಾವ ಊರಿನಲ್ಲೂ ಕೈ ಬಿಡುವಿರಲಿಲ್ಲ. ಮನೆಗಳಲ್ಲಿ ಬಿಸಿ ಏರಿತು. ಒಬ್ಬಳಿಗೆ ಪೆಟ್ಟು ಬಿತ್ತು. ಮರುದಿನ ಅವಳು ಊದಿದ ಕೆನ್ನೆಯಲ್ಲೇ ಗದ್ದೆಗೆ ಬಂದಳು, ಮುಖ ಮುಚ್ಚಿಕೊಳ್ಳಲಿಲ್ಲ. ನಮ್ಮ ಮಾವ ಅತ್ತೆಯೊಂದಿಗೆ ಮಾತು ಬಿಟ್ಟರು. ಎಸ್ಟೇಟಿನ ರೈಟರು ಲೈನಿನ ನಾಲ್ವರನ್ನೂ ಕರೆಸಿ, ಹೆಸರು ಹಿಂದಕ್ಕೆ ತೆಗೆದುಕೊಳ್ಳದಿದ್ದರೆ ಲೈನು ಖಾಲಿ ಮಾಡಬೇಕಾಗುತ್ತದೆ ಎಂದು ಹೆದರಿಸಿದ. ಹೆಸರನ್ನು ಹಿಂದಕ್ಕೆ ತೆಗೆದುಕೊಂಡರೆ ಎಲ್ಲಿಡುವುದು ಸ್ವಾಮಿ ಎಂದು ಹಿರಿಯಳು ಕೇಳಿದಳಂತೆ.

ಐದನೆಯ ದಿನ ನಾವು ಊಟಕ್ಕೆ ಕೂತಿದ್ದಾಗ ಪಟೇಲರ ಹೆಂಡತಿ ಬಂದರು. ಹಬ್ಬದ ದಿನ ಬಿಟ್ಟರೆ ಅವರು ಹೊರಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಬೈಯಲಿಕ್ಕೆ ಬಂದರು ಎಂದುಕೊಂಡು ಎಲ್ಲರೂ ತುತ್ತು ನಿಲ್ಲಿಸಿದೆವು. ಅವರು ಗದ್ದೆಯ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಬದುವಿನ ಮೇಲೆ ಜೋಪಾನವಾಗಿ ಹೆಜ್ಜೆಯಿಟ್ಟು ನೇರವಾಗಿ ನನ್ನ ಹತ್ತಿರ ಬಂದರು.

"ಆ ಬುಕ್ಕು ತಂದಿದೀಯೇನೆ? ನಂದೂ ಬರ್ಕೊ. ನಮ್ಮನೇಲಿ ಯಾರೂ ಕೇಳ್ಲಿಲ್ಲ" ಎಂದರು.

ಅವರು ಹೇಳಿದ ಹೆಸರನ್ನು ನಾನು ಬರೆದೆ. ಎಲ್ಲಿ ಬರೆಯಲಿ ಎಂದಾಗ, ಲೈನಿನವರ ಕೆಳಗೆ ಜಾಗ ಇದೆಯಲ್ಲ, ಅಲ್ಲೇ ಬರಿ ಎಂದರು. ಆಮೇಲೆ ಬಂದ ಹಾಗೆಯೇ ಹೋದರು. ಆ ಮನೆಯಲ್ಲಿ ಏನು ಮಾತಾಯಿತೋ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಶಾನುಭೋಗರು ಶಾಲೆಯ ಜಗಲಿಯಲ್ಲಿ ಮಸಿಕುಡಿಕೆ ಇಟ್ಟುಕೊಂಡು ಕೂತಿದ್ದರು. ನಾವು ಒಬ್ಬೊಬ್ಬರಾಗಿ ಹೋಗಿ ಹೆಸರು ಹೇಳಿದೆವು. ಹಳೆಯ ಅಭ್ಯಾಸಕ್ಕೆ ಅವರು ನಡುನಡುವೆ 'ಇಂಥವರ ಹೆಂಡತಿ' ಎಂದು ಶುರುಮಾಡಿದಾಗಲೆಲ್ಲ, ಅತ್ತೆ ಪಕ್ಕದಲ್ಲಿ ನಿಂತು ಕೆಮ್ಮುತ್ತಿದ್ದರು. ಲೈನಿನ ನಾಲ್ವರದನ್ನೂ ಬರೆದರು. ಅಂದು ಮಧ್ಯಾಹ್ನವೇ ನಾವು ಪಟೇಲರ ಗದ್ದೆಗೆ ಇಳಿದೆವು. ಎರಡು ದಿನದ ಕೆಲಸವನ್ನು ಒಂದೂವರೆ ದಿನದಲ್ಲಿ ಮುಗಿಸಿದೆವು.

ಅಲ್ಲಿಗೆ ಮುಗಿಯಲಿಲ್ಲ. ಎಸ್ಟೇಟಿನಿಂದ ಆ ನಾಲ್ಕು ಹೆಸರುಗಳಿಗೆ ತಕರಾರು ಹೋಯಿತು. ವಿಚಾರಣೆ ಸೋಮವಾರಪೇಟೆಯಲ್ಲಿ, ಸಂತೆಯ ದಿನ. ನಮ್ಮಲ್ಲಿ ಹತ್ತು ಹನ್ನೆರಡು ಜನ ಬಸ್ಸು ಹತ್ತಿ ಹೊರಟೆವು. ಸಂತೆಗೆ ಎಂದು ಮನೆಯಲ್ಲಿ ಹೇಳಿದವರೂ ಇದ್ದರು. ಕಚೇರಿಯ ಮುಂದೆ ಅಷ್ಟು ಹೆಂಗಸರು ನಿಂತದ್ದು ನೋಡಿ ಜವಾನ, ಯಾರಾದರೂ ಸತ್ತಿದ್ದಾರೆಯೇ ಎಂದು ಕೇಳಿದ. ಅಧಿಕಾರಿ ತಾಳ್ಮೆಯವರು. ಲೈನಿನ ಹಿರಿಯಳನ್ನು, ನಿಮ್ಮ ಊರು ಯಾವುದು ಎಂದು ಕೇಳಿದರು. ಅವಳು ನಮ್ಮೂರಿನ ಹೆಸರು ಹೇಳಿದಳು. ಅದಲ್ಲಮ್ಮ, ಸ್ವಂತ ಊರು ಎಂದರು.

"ನಮ್ಮಪ್ಪನ ಊರು ನಾನು ಕಂಡಿಲ್ಲೆ ಸ್ವಾಮಿ. ನನ್ನ ಹೊಕ್ಕುಳು ಬಳ್ಳಿ ಹೂಳಿದ್ದು ಆ ತೋಟದಲ್ಲಿ. ಗಂಡನ್ನ ಹೂಳಿದ್ದು ಅಲ್ಲೇ. ಇನ್ನು ಎಷ್ಟು ಹೂತರೆ ಅದು ನನ್ನ ಊರಾಗ್ತದೆ?"

ರೈಟರು ಏನೋ ಹೇಳಲು ಹೋದ. ಅಧಿಕಾರಿ ಕೈ ಎತ್ತಿ ಅವನನ್ನು ತಡೆದರು. ಅವಳ ಹೆಸರು ಉಳಿಯಿತು, ಅವಳ ಜೊತೆಯ ತುಳು ಹೆಂಗಸಿನದೂ ಉಳಿಯಿತು. ಇನ್ನಿಬ್ಬರು ಮಲಬಾರಿನಿಂದ ಆ ಬೇಸಿಗೆಯಲ್ಲಷ್ಟೇ ಬಂದವರು, ಒಂದು ಕಡೆ ಆರು ತಿಂಗಳಾದರೂ ಇರಬೇಕೆಂಬ ಕಾನೂನಿಗೆ ಸಿಕ್ಕಿ ಅವರ ಹೆಸರು ಹೋಯಿತು. ಅತ್ತೆ ಆ ಬಗ್ಗೆ ಬಸ್ಸಿನಲ್ಲಿ ಇಡೀ ದಾರಿ ಗೊಣಗಿದರು. ನಾನು ಕಾನೂನು ವಿವರಿಸಲು ಹೋಗಿ ಬೈಸಿಕೊಂಡೆ.

ವಾರದೊಳಗೆ ಹಿರಿಯಳ ಲೈನಿನ ಕೋಣೆ ಬೇರೆ ಯಾರಿಗೋ ಬೇಕಾಯಿತು. ಗಂಟು, ಎರಡು ಪಾತ್ರೆ, ಒಂದು ಕೋಳಿ ಹಿಡಿದುಕೊಂಡು ಅವಳು ರಸ್ತೆಯಲ್ಲಿ ನಿಂತಿದ್ದಾಳೆ ಎಂದು ಸುದ್ದಿ ಬಂತು. ಅತ್ತೆ ಹೋಗಿ ಕರೆದುಕೊಂಡು ಬಂದರು. ಕೊಟ್ಟಿಗೆಯ ಪಕ್ಕದ ಸೌದೆ ಕೋಣೆಯನ್ನು ನಾನೇ ಗುಡಿಸಿ ಸಾರಿಸಿದೆ. ಮಾವ ಜಗಲಿಯಲ್ಲಿ ನಿಂತು, ಇದು ನನ್ನ ಮನೆ, ನನ್ನನ್ನು ಕೇಳಬೇಕಿತ್ತು ಎಂದರು. ಎಷ್ಟೋ ದಿನಗಳ ಮೇಲೆ ಅವರು ಅತ್ತೆಗೆ ಆಡಿದ ಮೊದಲ ಮಾತು ಅದು.

ಅತ್ತೆ ತಲೆ ಎತ್ತದೆ ಹೇಳಿದರು: "ಈ ಮನೆ ಗೋಡೆಗೆ ಮಣ್ಣು ತುಳಿದೋಳು ನಾನು. ಅವಳಿಗೊಂದು ಮೂಲೆ ಕೊಡೋಕೆ ನಂಗೆ ಯಾರ ಅಪ್ಪಣೆನೂ ಬ್ಯಾಡ."

ಮಾವ ಹೊರಗೆ ಹೋದರು, ಸಂಜೆ ಬಂದರು, ಊಟ ಮಾಡಿದರು. ಆ ವಿಷಯ ಮತ್ತೆ ಎತ್ತಲಿಲ್ಲ. ಊರಿನವರು ಕೆಲವು ದಿನ ನಮ್ಮ ಮನೆಯ ನೀರು ಕುಡಿಯಲಿಲ್ಲ. ಕುಡಿಯದವರಿಗೆ ಬಾಯಾರಿಕೆ, ನಮಗೇನು ಎಂದು ಅತ್ತೆ ತಲೆ ಕೆಡಿಸಿಕೊಳ್ಳಲಿಲ್ಲ. ಹಿರಿಯಳು ನಮ್ಮಲ್ಲಿ ಎರಡು ವರ್ಷ ಇದ್ದಳು. ಆಮೇಲೆ ಹೊಳೆಯ ಬದಿಯ ಸರ್ಕಾರಿ ಪೊರಂಬೋಕಿನಲ್ಲಿ ಗುಡಿಸಲು ಹಾಕಿಕೊಂಡಳು. ಅದರ ಹುಲ್ಲು ಹೊದಿಸಿದ್ದೂ ಮುಯ್ಯಿಯ ಹೆಂಗಸರೇ.

ಓಟಿನ ದಿನ ನಾವು ಒಟ್ಟಿಗೆ ಹೊರಟೆವು. ಹೆಸರು ಹೋಗಿದ್ದ ಮಲಬಾರಿನ ಇಬ್ಬರೂ ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದರು. ನಿಮಗೆ ಓಟಿಲ್ಲವಲ್ಲ ಎಂದು ನಾನು ಹೇಳಿದೆ. ಗೊತ್ತು, ಆದರೂ ಬರುತ್ತೇವೆ ಎಂದರು. ಸಾಲಿನಲ್ಲಿ ನಮ್ಮ ನಡುವೆಯೇ ನಿಂತರು. ಅವರನ್ನು ಪಕ್ಕಕ್ಕೆ ಹೋಗಲು ಹೇಳಿದಾಗ ಪಕ್ಕಕ್ಕೆ ಹೋದರು, ಆದರೆ ನಮ್ಮ ಕೊನೆಯವಳು ಹೊರಬರುವವರೆಗೆ ಬಿಸಿಲಲ್ಲೇ ಕಾದು ನಿಂತರು. ಒಳಗೆ ಪರದೆಯ ಹಿಂದೆ ಗುರುತು ಅಂಟಿಸಿದ ಪೆಟ್ಟಿಗೆಗಳಿದ್ದವು, ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಬೇಕು. ಮೇಜಿನ ಹಿಂದಿದ್ದವರು ನನ್ನ ಹೆಸರನ್ನು ಗಟ್ಟಿಯಾಗಿ ಕೂಗಿದರು. ಮದುವೆಯಾದ ಮೇಲೆ ಹೊರಗಿನವರೊಬ್ಬರ ಬಾಯಲ್ಲಿ ಅದನ್ನು ಕೇಳಿದ್ದು ಅದೇ ಮೊದಲು. ನನಗಿಂತ ಮುಂಚೆ ಅತ್ತೆಯ ಹೆಸರು ಕೂಗಿದಾಗ ಅವರು 'ನಾನೇ' ಎಂದರು, ಅಗತ್ಯಕ್ಕಿಂತ ಜೋರಾಗಿ. ಯಾವ ಪೆಟ್ಟಿಗೆಗೆ ಹಾಕಿದರೆಂದು ಮಾವ ಆಮೇಲೆ ಎಷ್ಟು ಕೇಳಿದರೂ ಅವರು ಹೇಳಲಿಲ್ಲ.

ಓಟಿನಿಂದ ನಮ್ಮ ಊರು ಬದಲಾಯಿತೇ ಎಂದು ಕೇಳುವವರಿದ್ದಾರೆ. ಗೆದ್ದವರು ನಮ್ಮ ಊರಿನ ಕಡೆ ತಿರುಗಿಯೂ ನೋಡಲಿಲ್ಲ. ಪಟೇಲರ ಗದ್ದೆಯಲ್ಲಿ ಆ ವರ್ಷ ಭತ್ತ ಕಡಿಮೆಯಾಯಿತು, ಅದನ್ನು ಅವರು ಬಹಳ ಕಾಲ ಹೇಳಿಕೊಂಡರು. ಕೆಲವು ವರ್ಷಗಳಲ್ಲಿ ಕೊಡಗು ಮೈಸೂರಿಗೆ ಸೇರುವ ಮಾತು ಎದ್ದಾಗ, ನಿಜವಾದ ಕೊಡಗಿನವರು ಯಾರು, ಹೊರಗಿನವರು ಯಾರು ಎಂದು ಗಂಡಸರು ಕಟ್ಟೆಯಲ್ಲಿ ಕೂಗಾಡಿದರು. ನಾವು ಆ ಮಾತಿಗೆ ಹೋಗಲಿಲ್ಲ. ಒಬ್ಬರ ಗದ್ದೆ ಎಲ್ಲರ ಕೆಲಸ ಎಂಬ ಹಳೆಯ ಮಾತನ್ನು ನಾವು ಹೆಸರಿನ ತನಕ ಎಳೆದುಕೊಂಡು ಹೋಗಿದ್ದೆವು. ನಮ್ಮನ್ನು 'ನಾವು' ಎನ್ನುವಂತೆ ಮಾಡಿದ್ದು ಅಷ್ಟೇ. ಅದಕ್ಕೆ ಯಾರ ಸರ್ಟಿಫಿಕೇಟೂ ಬೇಕಿರಲಿಲ್ಲ. ಓದಿದ ಸೊಸೆ ಬಂದು ಹೆಂಗಸರ ತಲೆ ಕೆಡಿಸಿದಳು ಎಂದು ಇವತ್ತಿಗೂ ಹೇಳುವವರಿದ್ದಾರೆ. ನಾನು ಬರೆದುಕೊಂಡೆ, ಅಷ್ಟೆ. ತಲೆ ಕೆಟ್ಟಿದ್ದರೆ ಅದು ಎಲ್ಲರದೂ ಒಟ್ಟಿಗೇ ಕೆಟ್ಟಿತು, ಮತ್ತೆ ಸರಿಹೋಗಲೂ ಇಲ್ಲ.

ಮುಂದಿನ ಚುನಾವಣೆಗೆ ಪಟ್ಟಿ ತಿದ್ದುವ ಹೊತ್ತಿಗೆ ಮಲಬಾರಿನ ಇಬ್ಬರಲ್ಲಿ ಒಬ್ಬಳು ಊರಿಗೆ ವಾಪಸು ಹೋಗಿದ್ದಳು. ಇನ್ನೊಬ್ಬಳು ಇಲ್ಲಿಯೇ ಮದುವೆಯಾಗಿ, ಮಗು ಕಂಕುಳಲ್ಲಿಟ್ಟುಕೊಂಡು ಅರ್ಜಿ ಬರೆಸಲು ನಮ್ಮ ಮನೆಗೆ ಬಂದಳು. ಅವಳ ಗಂಡ ಅಂಗಳದಲ್ಲಿ ನಿಂತು, ತನ್ನ ಹೆಸರಿನ ಕೆಳಗೆ ಅವಳದನ್ನೂ ಸೇರಿಸಿ ಎಂದ. ಅವಳು ಅವನನ್ನು ತಡೆದು, ಮಗುವನ್ನು ಅವನ ಕೈಗೆ ಕೊಟ್ಟು, ನನ್ನ ಕೈಯಿಂದ ಪೆನ್ನು ಈಸಿಕೊಂಡಳು. ಊರಿನ ಶಾಲೆಯ ಮೇಷ್ಟರ ಹತ್ತಿರ ನಾಲ್ಕಕ್ಷರ ಕಲಿತಿದ್ದಳಂತೆ. ಅರ್ಜಿಯ ಮೇಲೆ ಕನ್ನಡದಲ್ಲಿ ತನ್ನ ಹೆಸರನ್ನು ತಾನೇ ಬರೆದಳು. ಒಂದು ಒತ್ತಕ್ಷರ ತಪ್ಪಿತ್ತು. ನಾನು ತಿದ್ದಲಿಲ್ಲ.